ಅರ್ಥವಾಗದ ಆಜ್ಞೆ: ಸೇನಾ ಕೈಪಿಡಿಗಳ ಭಾಷೆಯ ಕಥೆ

ನಿಮ್ಮಲ್ಲಿ ಕೆಲವರು ಎನ್.ಸಿ.ಸಿ.ಯಲ್ಲಿ ಇರಬಹುದು. ಇಲ್ಲದಿದ್ದರೂ ಕಾಲೇಜಿನ ಮೈದಾನದಲ್ಲಿ ನಡೆಯುವ ಕವಾಯತನ್ನು ನೋಡಿಯೇ ಇರುತ್ತೀರಿ. ಆಜ್ಞೆ ಕೊಡುವವನು ‘ದಹಿನೇ...’ ಎಂದು ಎಳೆದು ಕೂಗುತ್ತಾನೆ. ಒಂದು ಕ್ಷಣ ತಡೆಯುತ್ತಾನೆ. ಬಳಿಕ ‘ಮುಡ್!’ ಎಂದು ಚುಟುಕಾಗಿ ಹೇಳುತ್ತಾನೆ. ಇಡೀ ಸಾಲು ಒಟ್ಟಿಗೆ ಬಲಕ್ಕೆ ತಿರುಗುತ್ತದೆ. ಈ ಆಜ್ಞೆಯನ್ನು ಹೀಗೆ ಎರಡು ತುಂಡು ಮಾಡಿದ್ದು ಏಕೆ ಎಂದು ಎಂದಾದರೂ ಯೋಚಿಸಿದ್ದೀರಾ? ಮೊದಲ ತುಂಡು ಏನು ಮಾಡಬೇಕೆಂದು ತಿಳಿಸುತ್ತದೆ. ಎರಡನೆಯದು ಯಾವಾಗ ಮಾಡಬೇಕೆಂದು ತಿಳಿಸುತ್ತದೆ. ನಡುವಿನ ಆ ಮೌನ ಕೇಳುವವನ ಮನಸ್ಸು ಸಿದ್ಧವಾಗಲು ಕೊಟ್ಟ ಅವಕಾಶ. ಇಷ್ಟು ಚಿಕ್ಕ ಮಾತಿನ ಹಿಂದೆಯೂ ಕೇಳುವವನ ಬಗ್ಗೆ ಅಷ್ಟೊಂದು ಕಾಳಜಿ ಇದೆ.

ಆದರೆ ಇದೇ ಸೇನೆಗಳು ಲೇಖನಿ ಹಿಡಿದಾಗ ಈ ಕಾಳಜಿ ಹಲವು ಬಾರಿ ಮಾಯವಾಗಿದೆ. ಜಗತ್ತಿನ ದೊಡ್ಡ ಸೇನೆಗಳ ಕೈಪಿಡಿಗಳು, ಸುತ್ತೋಲೆಗಳು, ಲಿಖಿತ ಆಜ್ಞೆಗಳು ಕ್ಲಿಷ್ಟ ಭಾಷೆಗೆ ಹೆಸರಾಗಿವೆ. ಉದ್ದುದ್ದ ವಾಕ್ಯಗಳು, ಬಿಡಿಸಲಾಗದ ಸಂಕ್ಷಿಪ್ತ ಪದಗಳು, ಯಾರು ಮಾಡಬೇಕೆಂಬುದನ್ನೇ ಹೇಳದ ಕ್ರಿಯಾಪದಗಳು. ‘ಇದು ಭಾಷೆಯ ವಿಷಯ, ಇತಿಹಾಸದಲ್ಲಿ ಇದಕ್ಕೇನು ಕೆಲಸ?’ ಎಂದು ನೀವು ಕೇಳಬಹುದು. ಅರ್ಥವಾಗದ ಬರಹಕ್ಕೆ ಸೈನಿಕರು ಪ್ರಾಣ ತೆತ್ತ ಸಂದರ್ಭಗಳು ಇತಿಹಾಸದಲ್ಲಿವೆ. ಅರ್ಥವಾಗುವಂತೆ ಬರೆಯಬೇಕೆಂದು ಹೋರಾಡಿದವರೂ ಇದ್ದಾರೆ. ಇಂದಿನ ಪಾಠ ಅವರ ಕಥೆ.

ಬಾಲಾಕ್ಲಾವಾದ ಚೀಟಿ

1854ರ ಅಕ್ಟೋಬರ್ 25. ಕಪ್ಪು ಸಮುದ್ರದ ಕ್ರಿಮಿಯಾ ಪರ್ಯಾಯ ದ್ವೀಪದಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ತುರ್ಕಿ ಒಂದು ಕಡೆ, ರಷ್ಯಾ ಇನ್ನೊಂದು ಕಡೆ ಯುದ್ಧದಲ್ಲಿದ್ದವು. ಬಾಲಾಕ್ಲಾವಾ ಎಂಬ ಬಂದರಿನ ಸಮೀಪ ಬ್ರಿಟಿಷ್ ಸೇನಾಪತಿ ಲಾರ್ಡ್ ರ್‍ಯಾಗ್ಲನ್ ಎತ್ತರದ ಗುಡ್ಡದ ಮೇಲೆ ನಿಂತಿದ್ದ. ಅಲ್ಲಿಂದ ಇಡೀ ರಣರಂಗ ಅವನಿಗೆ ಅಂಗೈಯಲ್ಲಿದ್ದಂತೆ ಕಾಣುತ್ತಿತ್ತು. ಬೆಳಿಗ್ಗೆ ತುರ್ಕಿ ಸೈನಿಕರಿಂದ ರಷ್ಯನ್ನರು ಕಿತ್ತುಕೊಂಡಿದ್ದ ಕೆಲವು ಫಿರಂಗಿಗಳು ಒಂದು ದಿಬ್ಬದ ಮೇಲಿದ್ದವು. ಅವನ್ನು ಅವರು ಸಾಗಿಸಿಕೊಂಡು ಹೋಗದಂತೆ ತಡೆಯಬೇಕೆಂಬುದು ಅವನ ಇಚ್ಛೆ. ಅಧಿಕಾರಿ ಏರಿ ಪೆನ್ಸಿಲ್‌ನಲ್ಲಿ ಒಂದು ಚೀಟಿ ಬರೆದ. ಅಶ್ವದಳ ಬೇಗನೆ ಮುಂದಕ್ಕೆ ಸಾಗಬೇಕು, ಶತ್ರುವನ್ನು ಹಿಂಬಾಲಿಸಬೇಕು, ಫಿರಂಗಿಗಳನ್ನು ಒಯ್ಯದಂತೆ ತಡೆಯಲು ಯತ್ನಿಸಬೇಕು, ಇದು ತಕ್ಷಣ ಆಗಬೇಕು ಎಂಬುದು ಅದರ ಸಾರಾಂಶ.

ಚೀಟಿ ಸರಳವಾಗಿಯೇ ಇದೆಯಲ್ಲ ಎನಿಸಬಹುದು. ಆದರೆ ಕಣಿವೆಯಲ್ಲಿ ನಿಂತಿದ್ದ ಅಶ್ವದಳದ ಮುಖ್ಯಸ್ಥ ಲಾರ್ಡ್ ಲೂಕನ್‌ಗೆ ಗುಡ್ಡದ ಮೇಲಿನವನಿಗೆ ಕಂಡದ್ದು ಕಾಣುತ್ತಿರಲಿಲ್ಲ. ಅವನ ಕಣ್ಣಿಗೆ ಬೀಳುತ್ತಿದ್ದುದು ಕಣಿವೆಯ ಆ ತುದಿಯಲ್ಲಿದ್ದ ರಷ್ಯನ್ ಫಿರಂಗಿಗಳು ಮಾತ್ರ. ‘ಮುಂದಕ್ಕೆ’ ಎಂದರೆ ಯಾವ ಕಡೆಗೆ? ‘ಫಿರಂಗಿಗಳು’ ಎಂದರೆ ಯಾವ ಫಿರಂಗಿಗಳು? ಚೀಟಿಯಲ್ಲಿ ಉತ್ತರವಿರಲಿಲ್ಲ. ಚೀಟಿ ತಂದ ಕ್ಯಾಪ್ಟನ್ ನೋಲನ್‌ನನ್ನು ಲೂಕನ್ ಕೇಳಿದ. ಆತ ಅಸಹನೆಯಿಂದ ಕಣಿವೆಯತ್ತ ಕೈ ಬೀಸಿದನೆಂದು ಅಲ್ಲಿದ್ದವರು ಹೇಳಿದ್ದಾರೆ.

ಲಾರ್ಡ್ ಕಾರ್ಡಿಗನ್‌ನ ನೇತೃತ್ವದಲ್ಲಿ ಸುಮಾರು 670 ಮಂದಿ ಸವಾರರು ಕಣಿವೆಗೆ ನುಗ್ಗಿದರು. ಎದುರಿಗೆ ಫಿರಂಗಿ, ಎರಡೂ ಪಕ್ಕಗಳಲ್ಲಿ ಫಿರಂಗಿ. ಸುಮಾರು 20 ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ನೂರಕ್ಕೂ ಹೆಚ್ಚು ಸವಾರರು ಸತ್ತರು. ಗಾಯಗೊಂಡವರು ಅದಕ್ಕಿಂತ ಹೆಚ್ಚು. ಮೊದಲು ಬಿದ್ದವರಲ್ಲಿ ನೋಲನ್ ಕೂಡ ಒಬ್ಬ. ತಾನು ಏನನ್ನು ತೋರಿಸಿದೆ ಎಂದು ವಿವರಿಸಲು ಅವನು ಉಳಿಯಲಿಲ್ಲ. ತಪ್ಪು ಯಾರದು ಎಂಬ ವಾದ ಅಂದಿನಿಂದ ಇಂದಿನವರೆಗೂ ನಡೆದೇ ಇದೆ. ಕವಿ ಟೆನಿಸನ್ ಅದೇ ವರ್ಷ ಈ ಸವಾರರ ಶೌರ್ಯವನ್ನು ಕುರಿತು ಬರೆದ ಪದ್ಯ ಪ್ರಸಿದ್ಧವಾಯಿತು. ಶೌರ್ಯ ಎಲ್ಲರ ನೆನಪಿನಲ್ಲಿ ಉಳಿಯಿತು, ಚೀಟಿ ಮರೆತುಹೋಯಿತು.

ಇಲ್ಲಿ ಒಂದು ಮಾತನ್ನು ಗಮನಿಸಿ. ಆ ಚೀಟಿಯಲ್ಲಿ ಒಂದೂ ಕಠಿಣ ಪದವಿರಲಿಲ್ಲ. ಬರೆಸಿದವನು ತನ್ನ ಕಣ್ಣಿಗೆ ಕಂಡದ್ದು ಓದುವವನ ಕಣ್ಣಿಗೂ ಕಾಣುತ್ತದೆ ಎಂದು ಭಾವಿಸಿದ್ದ. ತೊಡಕು ಇದ್ದದ್ದು ಅಲ್ಲಿ. ಗುಡ್ಡದ ಮೇಲೆ ನಿಂತು ಕಣಿವೆಯಲ್ಲಿರುವವನಿಗೆ ಬರೆಯುವುದು. ಸೇನಾ ಬರಹದ ಎಲ್ಲ ತೊಂದರೆಗಳ ಮೂಲ ಇದೇ. ಕೈಪಿಡಿಯ ವಿಷಯದಲ್ಲಿ ಈ ದೂರ ಇನ್ನೂ ಹೆಚ್ಚು. ಕೈಪಿಡಿ ಎಂದರೆ ಎದುರಿಗಿಲ್ಲದ ವ್ಯಕ್ತಿ ಮುಂಚಿತವಾಗಿ ಕೊಟ್ಟಿಟ್ಟ ಆಜ್ಞೆ. ಅದನ್ನು ಓದುವವನು ತಿರುಗಿ ಪ್ರಶ್ನೆ ಕೇಳುವಂತಿಲ್ಲ. ಕೈ ಬೀಸಿ ತೋರಿಸಲು ಅಲ್ಲಿ ಒಬ್ಬ ನೋಲನ್ ಕೂಡ ಇರುವುದಿಲ್ಲ.

ನೀಲಿ ಪುಸ್ತಕ

ಹಾಗಾದರೆ ಒಳ್ಳೆಯ ಕೈಪಿಡಿ ಹೇಗಿರುತ್ತದೆ? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1778ರ ಫೆಬ್ರವರಿ. ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಅಮೆರಿಕದ ಸೇನೆ ವ್ಯಾಲಿ ಫೋರ್ಜ್ ಎಂಬಲ್ಲಿ ಚಳಿಯಲ್ಲಿ ನಡುಗುತ್ತಾ ಬೀಡುಬಿಟ್ಟಿತ್ತು. ಒಂದೊಂದು ದಳದ್ದು ಒಂದೊಂದು ಬಗೆಯ ಕವಾಯತು. ಒಬ್ಬರ ಆಜ್ಞೆ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಅಲ್ಲಿಗೆ ಪ್ರಷ್ಯಾದ ಮಾಜಿ ಅಧಿಕಾರಿ ಬ್ಯಾರನ್ ಫಾನ್ ಸ್ಟೂಬೆನ್ ಬಂದ. ಅವನಿಗೆ ಜರ್ಮನ್, ಫ್ರೆಂಚ್ ಬರುತ್ತಿತ್ತು; ಇಂಗ್ಲಿಷ್ ಹೆಚ್ಚೇನೂ ಬರುತ್ತಿರಲಿಲ್ಲ.

ಭಾಷೆ ಬಾರದವನೇ ಸ್ಪಷ್ಟವಾದ ಕೈಪಿಡಿಯೊಂದನ್ನು ಕೊಟ್ಟದ್ದು ಇತಿಹಾಸದ ಒಂದು ಸೋಜಿಗ. ಆದರೆ ಯೋಚಿಸಿದರೆ ಇದರಲ್ಲಿ ಸೋಜಿಗವೇನೂ ಇಲ್ಲ. ಪ್ರತಿ ಪಾಠವೂ ಫ್ರೆಂಚ್‌ನಿಂದ ಇಂಗ್ಲಿಷಿಗೆ ದಾಟಬೇಕಿತ್ತು. ದಾಟಬೇಕಾದ ಮಾತಿನಲ್ಲಿ ಅಲಂಕಾರಕ್ಕೆ ಎಡೆ ಕಡಿಮೆ. ಅವನು ಮೊದಲು ಒಂದು ಮಾದರಿ ತಂಡವನ್ನು ಕಟ್ಟಿ, ಬಂದೂಕನ್ನು ತಾನೇ ಕೈಗೆತ್ತಿಕೊಂಡು ಮಾಡಿ ತೋರಿಸಿದ. ಮೈದಾನದಲ್ಲಿ ನಡೆದದ್ದನ್ನೇ ಆಮೇಲೆ ಪುಸ್ತಕವಾಗಿ ಬರೆದ. 1779ರ ಮಾರ್ಚ್ 29ರಂದು ಅಮೆರಿಕದ ಕಾಂಗ್ರೆಸ್ ಅದಕ್ಕೆ ಒಪ್ಪಿಗೆ ಕೊಟ್ಟಿತು. ರಟ್ಟಿನ ಬಣ್ಣದಿಂದಾಗಿ ಜನ ಅದನ್ನು ‘ನೀಲಿ ಪುಸ್ತಕ’ ಎಂದು ಕರೆದರು. ಮುಂದೆ ಮೂರು ದಶಕಗಳಿಗೂ ಹೆಚ್ಚು ಕಾಲ ಅದು ಬಳಕೆಯಲ್ಲಿತ್ತು.

ಆ ಪುಸ್ತಕದ ಕೊನೆಯ ಭಾಗವನ್ನು ನೀವು ವಿಶೇಷವಾಗಿ ಗಮನಿಸಬೇಕು. ದಳದ ಮುಖ್ಯಸ್ಥನಿಂದ ಹಿಡಿದು ಸಾಮಾನ್ಯ ಸಿಪಾಯಿಯವರೆಗೆ ಪ್ರತಿಯೊಬ್ಬನ ಕರ್ತವ್ಯವನ್ನೂ ಅಲ್ಲಿ ಬೇರೆ ಬೇರೆಯಾಗಿ ಹೇಳಲಾಗಿದೆ. ‘ಇದು ನನಗೆ ಹೇಳಿದ್ದು’ ಎಂದು ಯಾರಾದರೂ ತಮ್ಮ ಪುಟವನ್ನು ಹುಡುಕಿಕೊಳ್ಳಬಹುದು. ಯೂರೋಪಿನ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಸ್ಟೂಬೆನ್ ಒಂದು ವ್ಯತ್ಯಾಸವನ್ನು ಗುರುತಿಸಿದ್ದಾನೆ. ನಿಮ್ಮ ಸೈನಿಕನಿಗೆ ‘ಇದನ್ನು ಮಾಡು’ ಎಂದರೆ ಸಾಕು. ಇಲ್ಲಿಯವನಿಗೆ ಏಕೆ ಮಾಡಬೇಕೆಂದೂ ಹೇಳಬೇಕಾಗುತ್ತದೆ, ಆಮೇಲೆ ಅವನು ಮಾಡುತ್ತಾನೆ ಎಂಬುದು ಅವನ ಮಾತಿನ ಭಾವ. ಅದು ದೂರಲ್ಲ, ಒಬ್ಬ ಶಿಕ್ಷಕ ಕಂಡುಕೊಂಡ ಸತ್ಯ.

ಕಚೇರಿಯ ಭಾಷೆ ಯುದ್ಧಕ್ಕೆ ಬಂದಾಗ

ಇಪ್ಪತ್ತನೆಯ ಶತಮಾನದ ಹೊತ್ತಿಗೆ ಯುದ್ಧದ ಸ್ವರೂಪವೇ ಬದಲಾಯಿತು. ಕುದುರೆ ಮತ್ತು ಕತ್ತಿಯ ಜಾಗಕ್ಕೆ ಲಾರಿ, ಟ್ಯಾಂಕ್, ವಿಮಾನ, ರೇಡಿಯೋ ಬಂದವು. ಒಂದೊಂದು ಯಂತ್ರಕ್ಕೂ ಒಂದೊಂದು ಕೈಪಿಡಿ. ಅವನ್ನು ಬರೆಯುವವರು ಎಂಜಿನಿಯರುಗಳು; ತಿದ್ದುವವರು ಕಚೇರಿಯ ಅಧಿಕಾರಿಗಳು; ಓದಬೇಕಾದವರು ನಿನ್ನೆಯವರೆಗೆ ಹೊಲದಲ್ಲೋ ಅಂಗಡಿಯಲ್ಲೋ ದುಡಿಯುತ್ತಿದ್ದ ಹುಡುಗರು.

ಕಚೇರಿಯ ಭಾಷೆ ಹೇಗೆ ಹುಟ್ಟುತ್ತದೆ? ಒಂದು ಕಾರಣ ಭಯ. ‘ನೀನು ಇದನ್ನು ಮಾಡು’ ಎಂದು ಬರೆದರೆ ಹೇಳಿದವನು ಹೊಣೆಗಾರನಾಗುತ್ತಾನೆ. ‘ಸೂಕ್ತ ಕ್ರಮಗಳನ್ನು ಕೈಗೊಳ್ಳತಕ್ಕದ್ದು’ ಎಂದು ಬರೆದರೆ ಯಾರೂ ಹೊಣೆಯಲ್ಲ. ಇನ್ನೊಂದು ಕಾರಣ ಪ್ರತಿಷ್ಠೆ. ಸರಳವಾಗಿ ಬರೆದರೆ ವಿಷಯದ ಗಾಂಭೀರ್ಯ ಕಡಿಮೆಯಾದೀತು ಎಂಬ ಅಳುಕು. ಮೂರನೆಯದು ಅಭ್ಯಾಸ; ಹಿಂದಿನ ಕಡತದಲ್ಲಿ ಹೇಗಿತ್ತೋ ಹಾಗೆಯೇ ಇಳಿಸುವುದು.

ನಾನೇ ಕಟ್ಟಿದ ಒಂದು ಉದಾಹರಣೆಯನ್ನು ನೋಡಿ: ‘ಆಯುಧದ ಕಾರ್ಯಕ್ಷಮತೆಯ ನಿರಂತರತೆಯನ್ನು ಖಚಿತಪಡಿಸಿಕೊಳ್ಳುವ ದೃಷ್ಟಿಯಿಂದ ಅದರ ಅಂತರ್ಭಾಗಗಳ ಶುಚಿತ್ವ ಸಂರಕ್ಷಣಾ ಕ್ರಮಗಳನ್ನು ನಿಯತಕಾಲಿಕವಾಗಿ ಅನುಷ್ಠಾನಗೊಳಿಸತಕ್ಕದ್ದು.’ ಈಗ ಇದನ್ನು ಓದಿ: ‘ನಿನ್ನ ಬಂದೂಕನ್ನು ದಿನಕ್ಕೊಮ್ಮೆ ಬಿಚ್ಚಿ ಒರೆಸು. ಒರೆಸದಿದ್ದರೆ ಬೇಕಾದ ಹೊತ್ತಿನಲ್ಲಿ ಅದು ಹಾರುವುದಿಲ್ಲ.’ ಎರಡನೆಯದು ಚಿಕ್ಕದು. ಆದರೆ ಅದರಲ್ಲಿರುವ ವಿಷಯ ಹೆಚ್ಚು. ಯಾರು, ಎಷ್ಟು ಸಲ, ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಎಂಬ ನಾಲ್ಕೂ ಅದರಲ್ಲಿವೆ. ಮೊದಲನೆಯದರಲ್ಲಿ ಈ ನಾಲ್ಕರಲ್ಲಿ ಒಂದೂ ನೇರವಾಗಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಭಾಷೆಯ ವಿರುದ್ಧ ಮೇಲಿನಿಂದಲೇ ದನಿ ಎದ್ದಿತು. 1940ರ ಆಗಸ್ಟ್ 9ರಂದು ಜರ್ಮನ್ ವಿಮಾನಗಳ ದಾಳಿಯ ನಡುವೆ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಒಂದು ಸುತ್ತೋಲೆ ಹೊರಡಿಸಿದರು. ಅದರ ವಿಷಯ ಶಸ್ತ್ರಾಸ್ತ್ರವಲ್ಲ, ಸಂಕ್ಷಿಪ್ತತೆ. ವರದಿಗಳು ಚಿಕ್ಕ ಚಿಕ್ಕ ಕಂಡಿಕೆಗಳಲ್ಲಿ ಮುಖ್ಯಾಂಶ ಹೇಳಲಿ, ಅಂಕಿಅಂಶಗಳು ಅನುಬಂಧಕ್ಕೆ ಹೋಗಲಿ, ಕಚೇರಿಯ ಹಳಸಲು ನುಡಿಗಟ್ಟುಗಳನ್ನು ಬಿಟ್ಟು ಮಾತಿನ ಭಾಷೆ ಬಳಸಲು ಹಿಂಜರಿಕೆ ಬೇಡ ಎಂಬುದು ಅದರ ತಿರುಳು. ದೇಶದ ಅಳಿವು ಉಳಿವಿನ ಹೊತ್ತಿನಲ್ಲಿ ಪ್ರಧಾನಿ ವಾಕ್ಯಗಳ ಉದ್ದದ ಬಗ್ಗೆ ಚಿಂತಿಸಿದ್ದು ವಿಚಿತ್ರವಲ್ಲ. ಓದಲು ತಗಲುವ ಸಮಯವೂ ಯುದ್ಧದ ಸಮಯವೇ ಅಲ್ಲವೇ?

1942ರಲ್ಲಿ ಅಮೆರಿಕದಲ್ಲಿ ವಾಯುದಾಳಿಯ ವೇಳೆ ಸರ್ಕಾರಿ ಕಟ್ಟಡಗಳ ಬೆಳಕು ಹೊರಗೆ ಕಾಣದಂತೆ ಮಾಡುವ ಬಗ್ಗೆ ಒಂದು ಆದೇಶ ಸಿದ್ಧವಾಯಿತು. ಆಂತರಿಕ ಹಾಗೂ ಬಾಹ್ಯ ಪ್ರಕಾಶದ ಕಾರಣದಿಂದ ಉಂಟಾಗುವ ಗೋಚರತೆ ಎಂಬಂಥ ಮಾತುಗಳಿಂದ ಅದು ತುಂಬಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಅದನ್ನು ಓದಿ, ಕೆಲಸ ನಡೆಯಲೇಬೇಕಾದ ಕಟ್ಟಡಗಳಲ್ಲಿ ಕಿಟಕಿಗೆ ಏನಾದರೂ ಅಡ್ಡ ಕಟ್ಟಿ, ಉಳಿದ ಕಡೆ ದೀಪ ಆರಿಸಿ ಎಂದು ತಿಳಿಸುವಂತೆ ಸೂಚಿಸಿದರು. 1944ರಲ್ಲಿ ಟೆಕ್ಸಾಸಿನ ಮೌರಿ ಮ್ಯಾವರಿಕ್ ಎಂಬ ಅಧಿಕಾರಿ ತನ್ನ ಕಚೇರಿಯಿಂದ ಬರುತ್ತಿದ್ದ ಬರಹಗಳಿಂದ ಬೇಸತ್ತು ಈ ಭಾಷೆಗೆ ಒಂದು ಹೆಸರನ್ನೇ ಇಟ್ಟ: ‘ಗಾಬಲ್ಡಿಗೂಕ್’. ಅವನ ಊರಿನ ಕಡೆ ಟರ್ಕಿ ಕೋಳಿಗಳು ಎದೆಯುಬ್ಬಿಸಿ ನಡೆಯುತ್ತಾ ಮಾಡುವ ಸದ್ದಿನಿಂದ ಹುಟ್ಟಿದ ಪದ ಅದು. ಇಂಗ್ಲಿಷ್ ನಿಘಂಟುಗಳಲ್ಲಿ ಇಂದಿಗೂ ಇದೆ.

ಚಿತ್ರ ಬರೆದ ಸಿಪಾಯಿ

ಮೇಲಿನವರು ಸುತ್ತೋಲೆ ಹೊರಡಿಸಿದರು. ಆದರೆ ಕೆಳಗಿನ ಓದುಗನವರೆಗೆ ಹೋದವನು ಒಬ್ಬ ಚಿತ್ರಕಾರ. ವಿಲ್ ಐಸ್ನರ್ 1917ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಪತ್ರಿಕೆಗಳ ಚಿತ್ರಕಥೆಗಳಿಂದ ಆಗಲೇ ಹೆಸರು ಮಾಡಿದ್ದ. 1942ರಲ್ಲಿ ಸೇನೆಗೆ ಕರೆ ಬಂತು. ಸೇನೆಯಲ್ಲಿ ಅವನಿಗೆ ಕಂಡದ್ದು ಒಂದು ಸರಳ ಸತ್ಯ. ಲಾರಿ ಕೆಡುವುದು ಶತ್ರುವಿನ ಗುಂಡಿನಿಂದ ಮಾತ್ರವಲ್ಲ. ಎಣ್ಣೆ ಹಾಕದೆ, ತಿರುಪು ಬಿಗಿ ಮಾಡದೆ, ಗಾಳಿ ನೋಡದೆ ಓಡಿಸುವುದರಿಂದಲೂ ಕೆಡುತ್ತದೆ. ಇದನ್ನೆಲ್ಲ ಹೇಳುವ ಕೈಪಿಡಿಗಳು ಇದ್ದವು. ಅವನ್ನು ಓದುವವರು ಇರಲಿಲ್ಲ.

ಸೇನೆಯ ವಾಹನಗಳ ಕುರಿತ ಪತ್ರಿಕೆಯಲ್ಲಿ ಐಸ್ನರ್ ‘ಜೋ ಡೋಪ್’ ಎಂಬ ಪಾತ್ರವನ್ನು ಬರೆದ. ಜೋ ಒಬ್ಬ ಪೆದ್ದ ಸಿಪಾಯಿ. ಮಾಡಬಾರದ್ದನ್ನೆಲ್ಲ ಮಾಡುತ್ತಾನೆ, ಲಾರಿಯನ್ನು ಹಾಳುಮಾಡುತ್ತಾನೆ, ಓದುಗ ನಗುತ್ತಾನೆ. ನಗುತ್ತಲೇ ತಾನೂ ನಿನ್ನೆ ಅದನ್ನೇ ಮಾಡಿದ್ದು ನೆನಪಾಗುತ್ತದೆ. ಸೇನೆಯ ಕೆಲವು ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಚಿತ್ರಕಥೆ ಮಕ್ಕಳ ಆಟ, ಕೈಪಿಡಿ ಗಂಭೀರ ವಿಷಯ ಎಂಬುದು ಅವರ ವಾದ. ಆದರೂ ಕೊರಿಯಾ ಯುದ್ಧದ ಸಮಯದಲ್ಲಿ, 1951ರ ಜೂನ್‌ನಲ್ಲಿ, ‘ಪಿ.ಎಸ್.’ ಎಂಬ ಮಾಸಪತ್ರಿಕೆ ಶುರುವಾಯಿತು. ಪತ್ರ ಮುಗಿದ ಮೇಲೆ ನಾವು ‘ತಾ.ಕ.’ ಎಂದು ಬರೆಯುತ್ತೇವಲ್ಲ, ಆ ಹೆಸರು ಅದೇ. ಅಧಿಕೃತ ಕೈಪಿಡಿಗೆ ಇದು ತಾಜಾಕಲಮು. ಐಸ್ನರ್ ಸುಮಾರು ಎರಡು ದಶಕ ಅದಕ್ಕೆ ಚಿತ್ರ ಬರೆದ.

ಅವನ ವಿಧಾನವನ್ನು ನೋಡಿ. ಯಂತ್ರದ ಭಾಗವನ್ನು ಎಂಜಿನಿಯರಿನ ನಕ್ಷೆಯಂತೆ ತೋರಿಸದೆ, ಅದರ ಮುಂದೆ ಕೂತವನ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ ಬರೆದ. ಬಾಲಾಕ್ಲಾವಾ ನೆನಪಾಯಿತೇ? ಗುಡ್ಡದ ಮೇಲಿಂದ ಕಾಣುವ ನೋಟವನ್ನು ಬಿಟ್ಟು ಅವನು ಕಣಿವೆಯಿಂದ ಕಾಣುವ ನೋಟವನ್ನು ಕೊಟ್ಟ.

ವಿಯೆಟ್ನಾಮಿನ ಬಂದೂಕು

ಈ ಕಥೆಯ ಅತ್ಯಂತ ನೋವಿನ ಅಧ್ಯಾಯ ವಿಯೆಟ್ನಾಮಿನದು. 1960ರ ದಶಕದ ನಡುವೆ ಅಮೆರಿಕದ ಸೈನಿಕರಿಗೆ ಎಂ-16 ಎಂಬ ಹೊಸ ಬಂದೂಕು ಬಂತು. ಹಗುರ, ವೇಗ, ನೋಡಲು ಆಧುನಿಕ. ಇದಕ್ಕೆ ಹೆಚ್ಚು ಶುಚಿ ಮಾಡುವ ಅಗತ್ಯವೇ ಇಲ್ಲ ಎಂಬ ಮಾತು ಸೈನಿಕರ ನಡುವೆ ಹಬ್ಬಿತು. ಶುಚಿ ಮಾಡುವ ಸಲಕರಣೆಗಳು ಸಾಕಷ್ಟು ತಲುಪಲಿಲ್ಲ.

ಈ ನಡುವೆ ತೋಟಾದೊಳಗಿನ ಮದ್ದಿನ ಬಗೆಯನ್ನು ಬದಲಿಸಲಾಗಿತ್ತು. ಹೊಸ ಮದ್ದಿನಿಂದ ಒಳಗೆ ಮಸಿ ಹೆಚ್ಚು ಕಟ್ಟುತ್ತಿತ್ತು. ತೋಟಾ ಕೂರುವ ಭಾಗಕ್ಕೆ ಕ್ರೋಮಿಯಂ ಲೇಪನ ಇರಲಿಲ್ಲ. ವಿಯೆಟ್ನಾಮಿನ ತೇವದ ಹವೆಯಲ್ಲಿ ಅದು ತುಕ್ಕು ಹಿಡಿಯುತ್ತಿತ್ತು. ಗುಂಡು ಹಾರಿದ ಮೇಲೆ ಖಾಲಿ ಕೋಶ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಆಗ ನಳಿಕೆಯ ತುದಿಯಿಂದ ಉದ್ದನೆಯ ಸರಳು ತೂರಿಸಿ ಅದನ್ನು ಹೊರಗೆ ತಳ್ಳಬೇಕು, ಅದೂ ಎದುರಿಗೆ ಶತ್ರು ಗುಂಡು ಹಾರಿಸುತ್ತಿರುವಾಗ. ಸತ್ತ ಸೈನಿಕರ ಪಕ್ಕದಲ್ಲಿ ಬಿಚ್ಚಿಟ್ಟ ಬಂದೂಕುಗಳು ಸಿಕ್ಕಿದವೆಂದು 1967ರಲ್ಲಿ ರಣರಂಗದಿಂದ ಮನೆಗಳಿಗೆ ಪತ್ರಗಳು ಬಂದವು. ದೇಶದಲ್ಲಿ ಗದ್ದಲವೆದ್ದಿತು. ಕಾಂಗ್ರೆಸ್ಸಿನ ಉಪಸಮಿತಿಯೊಂದು ರಿಚರ್ಡ್ ಇಕೋರ್ಡ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಸಿ ಸೇನಾಡಳಿತವನ್ನು ಕಟುವಾಗಿ ಟೀಕಿಸಿತು.

ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ಈ ಸಾವುಗಳಿಗೆಲ್ಲ ಕೆಟ್ಟ ಬರಹವೇ ಕಾರಣ ಎಂದರೆ ತಪ್ಪಾಗುತ್ತದೆ. ಮದ್ದು, ಲೋಹ, ಸರಬರಾಜು ಎಲ್ಲದರಲ್ಲೂ ದೋಷವಿತ್ತು. ಆದರೆ ಬಂದೂಕು ಹಿಡಿದವನಿಗೆ ಅದನ್ನು ಹೇಗೆ ನೋಡಿಕೊಳ್ಳಬೇಕೆಂಬ ಸ್ಪಷ್ಟ ತಿಳಿವಳಿಕೆ ತಲುಪದೆ ಹೋದದ್ದು ಆ ದೋಷಗಳನ್ನು ಇನ್ನಷ್ಟು ಮಾರಕವಾಗಿಸಿತು. ಲೇಪನ ಬಂತು, ಸಲಕರಣೆಗಳು ಬಂದವು, ಬಂದೂಕಿನ ಒಳಭಾಗಗಳು ಸುಧಾರಿಸಿದವು. ಅದರ ಜೊತೆಗೆ 1968ರಲ್ಲಿ ಜೇಬಿನಲ್ಲಿಡಬಹುದಾದ 32 ಪುಟಗಳ ಒಂದು ಪುಸ್ತಿಕೆಯೂ ಬಂತು. ಬಣ್ಣದ ಚಿತ್ರಗಳು ಐಸ್ನರ್‌ನವು. ಬಂದೂಕನ್ನು ಯಾವ ಕ್ರಮದಲ್ಲಿ ಬಿಚ್ಚಬೇಕು, ಎಲ್ಲಿ ಒರೆಸಬೇಕು, ಎಲ್ಲಿ ಎಣ್ಣೆ ಬೇಕು, ಸಿಕ್ಕಿಕೊಂಡರೆ ಮೊದಲು ಏನು ಮಾಡಬೇಕು ಎಂದು ಅದು ಪಕ್ಕದಲ್ಲಿ ಕೂತ ಹಿರಿಯ ಸಿಪಾಯಿ ಮಾತನಾಡುವ ಹಾಗೆ ಹೇಳುತ್ತಿತ್ತು.

ಆ ಪುಸ್ತಿಕೆ ದೋಷರಹಿತವೆಂದು ತಿಳಿಯಬೇಡಿ. ಅದರ ಹಾಸ್ಯದಲ್ಲಿ ಹೆಣ್ಣನ್ನು ಚಿತ್ರಿಸಿದ ರೀತಿ ಒಪ್ಪತಕ್ಕದ್ದಲ್ಲ. ಗಮನ ಸೆಳೆಯಲು ಅಗ್ಗದ ದಾರಿ ಹಿಡಿದ ಜಾಗಗಳು ಅಲ್ಲಿವೆ. ಸ್ಪಷ್ಟತೆಗೆ ಅಂಥ ದಾರಿ ಬೇಕಾಗಿಲ್ಲ. ಆದರೆ ಓದುಗನ ಪಕ್ಕದಲ್ಲಿ ಕೂತು ಬರೆದದ್ದು ಅದರ ಗುಣ, ಅದನ್ನು ಒಪ್ಪಲೇಬೇಕು.

ಅಳೆಯಬೇಕಾದದ್ದು ಯಾರನ್ನು?

ಓದಿದ್ದು ತಿಳಿಯದಿದ್ದರೆ ತಪ್ಪು ಓದುಗನದು ಎಂದು ಬಹುಕಾಲ ನಂಬಲಾಗಿತ್ತು. ಸೇನೆಗಳು ಸಿಪಾಯಿಗೆ ಪರೀಕ್ಷೆ ಇಟ್ಟು ಅಂಕ ಕೊಡುತ್ತಿದ್ದವು. 1966ರಿಂದ 1971ರವರೆಗೆ ಅಮೆರಿಕ ಇಂಥ ಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆದ ಮೂರು ಲಕ್ಷಕ್ಕೂ ಹೆಚ್ಚು ಯುವಕರನ್ನು ವಿಶೇಷ ಯೋಜನೆಯಡಿ ಸೇನೆಗೆ ಸೇರಿಸಿಕೊಂಡಿತು. ಹಲವರಿಗೆ ಓದು ಕಷ್ಟ. ಅವರ ಕೈಗೆ ಕೊಟ್ಟ ಕೈಪಿಡಿಗಳು ಅವರ ಓದಿನ ಮಟ್ಟಕ್ಕಿಂತ ಬಹಳ ಮೇಲಿದ್ದವು. ಆಗ ಸಂಶೋಧಕರು ಪ್ರಶ್ನೆಯನ್ನೇ ತಿರುಗಿಸಿದರು. ಸಿಪಾಯಿಯನ್ನು ಅಳೆದದ್ದಾಯಿತು; ಈಗ ಪುಸ್ತಕವನ್ನು ಅಳೆಯೋಣ.

1975ರಲ್ಲಿ ಅಮೆರಿಕದ ನೌಕಾಪಡೆಗಾಗಿ ಪೀಟರ್ ಕಿನ್‌ಕೇಡ್ ಮತ್ತು ಸಂಗಡಿಗರು 531 ಮಂದಿ ನಾವಿಕರಿಗೆ ಅವರ ತರಬೇತಿ ಪುಸ್ತಕಗಳ ಭಾಗಗಳನ್ನು ಓದಿಸಿ ಪರೀಕ್ಷಿಸಿದರು. ರುಡಾಲ್ಫ್ ಫ್ಲೆಶ್ ಎಂಬ ವಿದ್ವಾಂಸ 1948ರಲ್ಲಿ ಪ್ರಕಟಿಸಿದ್ದ ಸೂತ್ರವೊಂದನ್ನು ಆ ಫಲಿತಾಂಶಕ್ಕೆ ಹೊಂದುವಂತೆ ತಿದ್ದಿದರು. ಒಂದು ವಾಕ್ಯದಲ್ಲಿ ಸರಾಸರಿ ಎಷ್ಟು ಪದಗಳಿವೆ, ಒಂದು ಪದದಲ್ಲಿ ಸರಾಸರಿ ಎಷ್ಟು ಉಚ್ಚಾರಾಂಶಗಳಿವೆ ಎಂದು ಎಣಿಸಿದರೆ, ಎಷ್ಟನೆಯ ತರಗತಿ ಓದಿದವನಿಗೆ ಆ ಬರಹ ಅರ್ಥವಾಗುತ್ತದೆ ಎಂದು ಈ ಸೂತ್ರ ಅಂದಾಜು ಹೇಳುತ್ತದೆ. ಮುಂದೆ ಸೇನೆಯ ಕೈಪಿಡಿಗಳಿಗೆ ಇದು ಅಳತೆಗೋಲಾಯಿತು. ಗಣಕಯಂತ್ರದಲ್ಲಿ ಇಂಗ್ಲಿಷ್ ಬರಹ ಸಿದ್ಧಪಡಿಸುವಾಗ ‘ಫ್ಲೆಶ್-ಕಿನ್‌ಕೇಡ್’ ಎಂಬ ಅಂಕಿಯನ್ನು ನೀವು ಕಂಡಿರಬಹುದು. ನಾವಿಕರ ಪಾಠಪುಸ್ತಕಗಳಿಂದ ಹುಟ್ಟಿದ ಅಂಕಿ ಅದು.

ಸೂತ್ರಕ್ಕೆ ಮಿತಿಯಿದೆ. ಅದು ಉದ್ದವನ್ನು ಎಣಿಸುತ್ತದೆ, ಅರ್ಥವನ್ನಲ್ಲ. ಬಾಲಾಕ್ಲಾವಾದ ಚೀಟಿಗೆ ಈ ಸೂತ್ರ ಒಳ್ಳೆಯ ಅಂಕವನ್ನೇ ಕೊಟ್ಟೀತು! ಕನ್ನಡಕ್ಕಂತೂ ಇದನ್ನು ಹಾಗೆಯೇ ಹೊಂದಿಸಲು ಬಾರದು. ನಮ್ಮಲ್ಲಿ ಪ್ರತ್ಯಯಗಳು ಸೇರಿ ಪದಗಳು ಸಹಜವಾಗಿ ಬೆಳೆಯುತ್ತವೆ. ‘ಹೋಗಬೇಕಾಗಿದ್ದುದರಿಂದ’ ಎಂಬ ಪದ ಉದ್ದವಾಗಿದ್ದರೂ ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ‘ಊರ್ಜಿತ’ ಎಂಬುದು ಮೂರೇ ಅಕ್ಷರ, ಆದರೆ ಕಚೇರಿಯ ಹೊರಗೆ ತಿಳಿಯುವುದು ಕಷ್ಟ.

ನಮ್ಮ ಸೇನೆ, ನಮ್ಮ ಭಾಷೆಗಳು

ಭಾರತದ ಸೇನೆಗೆ ಈ ಸಮಸ್ಯೆ ಇನ್ನೊಂದು ರೂಪದಲ್ಲಿ ಎದುರಾಯಿತು. ಇಲ್ಲಿ ಅಧಿಕಾರಿಯದು ಒಂದು ಭಾಷೆ, ಸಿಪಾಯಿಯದು ಇನ್ನೊಂದು. ಬ್ರಿಟಿಷರ ಕಾಲದಲ್ಲಿ ಹಿಂದುಸ್ತಾನಿಯನ್ನು ರೋಮನ್ ಲಿಪಿಯಲ್ಲಿ ಬರೆದು ಪಾಠ ಹೇಳುವ ಪದ್ಧತಿ ಬೆಳೆಯಿತು. ಬೇರೆ ಬೇರೆ ಪ್ರಾಂತ್ಯಗಳಿಂದ ಬಂದವರಿಗೆ ಒಂದೇ ಆಜ್ಞೆ ಮುಟ್ಟಿಸುವ ಉಪಾಯ ಅದು. 1909ರಲ್ಲಿ ಆರಂಭವಾದ ‘ಫೌಜಿ ಅಖ್ಬಾರ್’ ಎಂಬ ಸೈನಿಕರ ಪತ್ರಿಕೆ 1954ರಲ್ಲಿ ‘ಸೈನಿಕ ಸಮಾಚಾರ’ ಆಯಿತು. ಮುಂದೆ ಅದು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಪ್ರಕಟವಾಯಿತು. ಸೈನಿಕನಿಗೆ ಅವನ ಮನೆಮಾತಿನಲ್ಲಿ ಹೇಳಬೇಕು ಎಂಬ ಅರಿವು ಇದರ ಹಿಂದಿದೆ.

ನಮ್ಮ ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅವರ ಹಿಂದುಸ್ತಾನಿ ಅಷ್ಟಕ್ಕಷ್ಟೇ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಜವಾನರನ್ನು ಉದ್ದೇಶಿಸಿ, ‘ಈಗ ನೀವು ಸ್ವತಂತ್ರರು, ನಾವು ಸ್ವತಂತ್ರರು, ದೇಶ ಸ್ವತಂತ್ರ’ ಎನ್ನಲು ಹೋಗಿ, ‘ಆಜಾದ್’ ಎನ್ನುವ ಬದಲು ‘ಮುಫ್ತ್’ ಎಂದುಬಿಟ್ಟರೆಂಬ ಪ್ರಸಂಗವನ್ನು ಸೇನಾ ವಲಯದಲ್ಲಿ ಪ್ರೀತಿಯಿಂದ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಫ್ರೀ’ ಎಂಬ ಒಂದೇ ಪದ. ಹಿಂದುಸ್ತಾನಿಯಲ್ಲಿ ‘ಮುಫ್ತ್’ ಎಂದರೆ ಪುಕ್ಕಟೆ! ಜವಾನರು ನಕ್ಕಿರಬೇಕು; ಆದರೆ ಹೇಳಿದವರ ಮನಸ್ಸು ಅವರಿಗೆ ತಿಳಿದಿರಬೇಕು. ಎದುರಿಗೆ ನಿಂತು ಆಡಿದ ಮಾತಿಗೆ ಈ ಅನುಕೂಲವಿದೆ. ಮುಖ, ದನಿ, ಸಂದರ್ಭ ತಪ್ಪನ್ನು ತಿದ್ದುತ್ತವೆ. ಕೈಪಿಡಿಗೆ ಮುಖವಿಲ್ಲ. ಆದ್ದರಿಂದ ಅಲ್ಲಿನ ಪದ ತಾನಾಗಿಯೇ ಸರಿಯಾಗಿರಬೇಕು.

ಎರಡು ಬಗೆಯ ಕಠಿಣ ಪದಗಳು

ಹಾಗಾದರೆ ಪಾರಿಭಾಷಿಕ ಪದಗಳೇ ಬೇಡವೇ? ಹಾಗಲ್ಲ. ವಿಮಾನ ಸಂಪರ್ಕದಲ್ಲಿ ‘ಆಲ್ಫಾ, ಬ್ರಾವೋ, ಚಾರ್ಲಿ’ ಎಂದು ಅಕ್ಷರಗಳನ್ನು ಹೇಳುವುದನ್ನು ಕೇಳಿದ್ದೀರಿ. ಗದ್ದಲದ ರೇಡಿಯೋದಲ್ಲಿ ‘ಬಿ’, ‘ಡಿ’, ‘ಪಿ’ಗಳು ಒಂದೇ ರೀತಿ ಕೇಳಿಸುತ್ತವೆ. ಹಲವು ದೇಶಗಳ ಜನರ ಬಾಯಲ್ಲಿ ಪರೀಕ್ಷಿಸಿದ ಬಳಿಕ 1956ರಲ್ಲಿ ಈ ಪದಮಾಲೆ ಜಾರಿಗೆ ಬಂತು. ಹೊರಗಿನವರಿಗೆ ವಿಚಿತ್ರ ಎನಿಸಿದರೂ ಅದು ಗೊಂದಲವನ್ನು ಕಡಿಮೆ ಮಾಡುತ್ತದೆ. ವೈದ್ಯರಿಗೆ, ಬಡಗಿಗೆ, ರೈತನಿಗೆ ತಮ್ಮ ತಮ್ಮ ಕಸುಬಿನ ಪದಗಳು ಇರುವಂತೆ ಸೈನಿಕನಿಗೂ ಇರುತ್ತವೆ. ಅವು ಬೇಕು.

ಬೇಡವಾದದ್ದು ಇನ್ನೊಂದು ಬಗೆ. ತಿಳಿಸುವುದಕ್ಕಲ್ಲ, ಮುಚ್ಚುವುದಕ್ಕೆ ಹುಟ್ಟಿದ ಪದಗಳು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರ ಪ್ರಬಂಧವೊಂದರಲ್ಲಿ ಇದನ್ನು ಎತ್ತಿ ತೋರಿಸಿದರು. ರಕ್ಷಣೆಯಿಲ್ಲದ ಹಳ್ಳಿಗಳ ಮೇಲೆ ಬಾಂಬು ಹಾಕಿ, ಜನರನ್ನು ಓಡಿಸಿ, ಅದಕ್ಕೆ ‘ಶಾಂತಿಸ್ಥಾಪನೆ’ ಎಂದು ಹೆಸರಿಡುತ್ತಾರೆ ಎಂಬುದು ಅವರ ಆಕ್ಷೇಪ. ಮುಂದೆ ಯುದ್ಧದಲ್ಲಿ ಸತ್ತ ನಾಗರಿಕರನ್ನು ‘ಪಾರ್ಶ್ವ ಹಾನಿ’ ಎಂದು ಕರೆಯುವುದೂ ರೂಢಿಯಾಯಿತು. ಇಂಥ ಪದವನ್ನು ಓದುವಾಗ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಮೂಡದಿರಲೆಂದೇ ಅದನ್ನು ಕಟ್ಟಲಾಗಿದೆ. ಅಸ್ಪಷ್ಟ ಕೈಪಿಡಿ ತನ್ನ ಸೈನಿಕನನ್ನು ಕೊಲ್ಲಬಹುದು; ಅಸ್ಪಷ್ಟ ವರದಿ ಇತರರ ಸಾವನ್ನು ನಮ್ಮ ಕಣ್ಣಿನಿಂದ ಮರೆಮಾಡುತ್ತದೆ.

ಇದರಿಂದ ಎರಡು ಬಗೆಯ ಪದಗಳನ್ನು ಗುರುತಿಸುವ ಒಂದು ಪ್ರಶ್ನೆ ಸಿಗುತ್ತದೆ: ಈ ಪದ ಕೇಳುವವನಿಗೆ ನೆರವಾಗುತ್ತದೆಯೋ, ಹೇಳುವವನಿಗೆ ಮರೆಯಾಗುತ್ತದೆಯೋ?

ನಾಳೆ ನಿಮ್ಮಲ್ಲಿ ಕೆಲವರು ಸೇನೆಗೆ ಹೋಗಬಹುದು. ಹೆಚ್ಚಿನವರು ಕಚೇರಿ, ಆಸ್ಪತ್ರೆ, ಕಾರ್ಖಾನೆ, ಶಾಲೆಗಳಲ್ಲಿ ಕೆಲಸ ಮಾಡುತ್ತೀರಿ. ಎಲ್ಲಿದ್ದರೂ ಒಂದಲ್ಲ ಒಂದು ದಿನ ಇನ್ನೊಬ್ಬರಿಗೆ ಸೂಚನೆ ಬರೆಯಬೇಕಾಗುತ್ತದೆ. ಔಷಧ ಎಷ್ಟು ಹೊತ್ತಿಗೆ ಕೊಡಬೇಕು, ಯಂತ್ರವನ್ನು ಹೇಗೆ ನಿಲ್ಲಿಸಬೇಕು, ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಹೊರಡಬೇಕು. ಆಗ ಬರೆದು ಮುಗಿಸಿದ ಮೇಲೆ ಒಂದು ಕ್ಷಣ ಗುಡ್ಡದಿಂದ ಇಳಿದು ಕಣಿವೆಯಲ್ಲಿ ನಿಂತು ಅದನ್ನು ಓದಿ ನೋಡಿ. ಓದುವವನಿಗೆ ತಿಳಿಯದಿದ್ದರೆ ಮೊದಲು ತಿದ್ದಬೇಕಾದದ್ದು ಬರಹವನ್ನು.

ಯೋಚಿಸಿ, ಮಾಡಿ ನೋಡಿ

1. ಬಾಲಾಕ್ಲಾವಾದ ಚೀಟಿಯನ್ನು ನೀವು ಬರೆದಿದ್ದರೆ ಹೇಗೆ ಬರೆಯುತ್ತಿದ್ದಿರಿ? ಮೂರು ವಾಕ್ಯ ಮೀರದಂತೆ ಬರೆಯಿರಿ.

2. ನಿಮ್ಮ ಮನೆಯಲ್ಲಿರುವ ಯಾವುದಾದರೂ ಯಂತ್ರದ ಸೂಚನಾ ಪತ್ರವನ್ನೋ, ಕಚೇರಿಯಿಂದ ಬಂದ ಸುತ್ತೋಲೆಯನ್ನೋ ತೆಗೆದುಕೊಳ್ಳಿ. ಯಾರು, ಯಾವಾಗ, ಏನು, ಮಾಡದಿದ್ದರೆ ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದೆಯೇ ನೋಡಿ.

3. ಸೈಕಲ್ ಚಕ್ರದ ಪಂಕ್ಚರ್ ಹಾಕುವ ವಿಧಾನವನ್ನು ಬರೆದು, ಅದು ಗೊತ್ತಿಲ್ಲದ ಗೆಳೆಯನಿಗೆ ಕೊಡಿ. ಅವನು ಮಾಡುವುದನ್ನು ಮಾತನಾಡದೆ ನೋಡಿ. ಅವನು ಎಡವಿದ ಜಾಗದಲ್ಲಿ ನಿಮ್ಮ ವಾಕ್ಯವನ್ನು ತಿದ್ದಿ.